ಆಕ್ಸಿಮೀಟರ್ ವಿಮರ್ಶೆ: ತೊಂಬತ್ತನಾಲ್ಕು ಎಂದರೆ ಯಾರಿಗೆ ತೊಂಬತ್ತನಾಲ್ಕು?

ಬೆರಳಿಗೆ ಸಿಕ್ಕಿಸಿ ರಕ್ತದಲ್ಲಿನ ಆಮ್ಲಜನಕದ ಪ್ರಮಾಣವನ್ನು ನೋಡುವ ಪಲ್ಸ್ ಆಕ್ಸಿಮೀಟರ್ ಒಂದನ್ನು ನಾನು ಎರಡು ವರ್ಷಗಳಿಂದ ಬಳಸುತ್ತಿದ್ದೇನೆ. ಮನೆಯಲ್ಲಿ ಶ್ವಾಸಕೋಶದ ಹಳೆಯ ಕಾಯಿಲೆಯಿರುವ ಹಿರಿಯರೊಬ್ಬರಿದ್ದಾರೆ. ಬೆಳಿಗ್ಗೆ ಮತ್ತು ರಾತ್ರಿ ಅವರ ಬೆರಳಿಗೆ ಇದನ್ನು ಹಾಕಿ, ತೋರಿದ ಅಂಕಿಯನ್ನು ಪುಸ್ತಕದಲ್ಲಿ ಬರೆದಿಡುವುದು ನನ್ನ ಪಾಲಿನ ಕೆಲಸ. ಆ ಪುಸ್ತಕ ಈಗ ಎರಡನೆಯದು. ಇಷ್ಟು ದಿನ ಕೈಯಲ್ಲಿಟ್ಟುಕೊಂಡ ವಸ್ತುವಿನ ಬಗ್ಗೆ ಬರೆಯುವಾಗ ಪರದೆ ಹೇಗಿದೆ, ಬ್ಯಾಟರಿ ಎಷ್ಟು ದಿನ ಬಾಳುತ್ತದೆ ಎಂದು ಹೇಳಿ ಮುಗಿಸಬಹುದಿತ್ತು. ಆದರೆ ಈ ಉಪಕರಣ ತೋರಿಸುವ ಒಂದೇ ಅಂಕಿ ಬೇರೆ ಬೇರೆ ಮೈಬಣ್ಣದವರಲ್ಲಿ ಬೇರೆ ಬೇರೆ ಸ್ಥಿತಿಯನ್ನು ಸೂಚಿಸಬಹುದು, ಮತ್ತು ಆ ಅಂಕಿಯನ್ನು ನಂಬಿ ನಡೆಯುವ ಆಸ್ಪತ್ರೆ, ವಿಮೆ, ಔಷಧ ನಿಯಂತ್ರಣದಂಥ ಸಂಸ್ಥೆಗಳಲ್ಲಿ ಆ ವ್ಯತ್ಯಾಸವು ಜನಾಂಗ ಜನಾಂಗದ ನಡುವಿನ ಅಸಮಾನತೆಯಾಗಿ ಬೆಳೆಯುತ್ತದೆ ಎಂದು ತಿಳಿದ ಮೇಲೆ ಅಷ್ಟಕ್ಕೆ ನಿಲ್ಲಿಸಲು ಮನಸ್ಸಾಗಲಿಲ್ಲ. ಈ ವಿಮರ್ಶೆಯ ಬಹುಪಾಲು ಆ ವಿಷಯಕ್ಕೇ ಮೀಸಲು.

ಮೊದಲು ಸುಲಭದ ಸಂಗತಿಗಳನ್ನು ಹೇಳಿಬಿಡುತ್ತೇನೆ. ಎರಡು ಸಣ್ಣ ಬ್ಯಾಟರಿಗಳಲ್ಲಿ ನಡೆಯುವ ಇದು ಬಟ್ಟೆಗೆ ಹಾಕುವ ಕ್ಲಿಪ್ಪಿನಂತೆ ಬಾಯಿ ತೆರೆದು ಬೆರಳನ್ನು ಹಿಡಿದುಕೊಳ್ಳುತ್ತದೆ. ಹಿಡಿತ ನೋಯಿಸುವಷ್ಟು ಬಿಗಿಯಿಲ್ಲ, ಜಾರುವಷ್ಟು ಸಡಿಲವೂ ಇಲ್ಲ. ಪರದೆಯ ಮೇಲೆ ಆಮ್ಲಜನಕದ ಶೇಕಡಾವಾರು, ನಾಡಿಯ ಬಡಿತ, ಬೆರಳಿನಲ್ಲಿ ರಕ್ತ ಎಷ್ಟು ಚೆನ್ನಾಗಿ ಹರಿಯುತ್ತಿದೆ ಎಂಬುದರ ಸೂಚಕ ಸಂಖ್ಯೆ, ಈ ಮೂರೂ ಕತ್ತಲೆಯಲ್ಲಿಯೂ ಸ್ಪಷ್ಟವಾಗಿ ಕಾಣುತ್ತವೆ. ಬೆರಳು ತಣ್ಣಗಿದ್ದರೆ, ಕೈ ನಡುಗುತ್ತಿದ್ದರೆ, ಉಗುರಿಗೆ ಗಾಢವಾದ ಬಣ್ಣ ಹಚ್ಚಿದ್ದರೆ ಅಂಕಿ ಅಲೆದಾಡುತ್ತದೆ ಎಂದು ಕೈಪಿಡಿಯೇ ಒಪ್ಪಿಕೊಂಡಿದೆ. ಬೆರಳನ್ನು ಬೆಚ್ಚಗೆ ಮಾಡಿಕೊಂಡು, ಕೈಯನ್ನು ಅಲುಗಾಡಿಸದೆ, ಒಂದು ನಿಮಿಷ ಕಾದು ಓದಿದರೆ ಅಂಕಿ ನಿಲ್ಲುತ್ತದೆ. ಇಷ್ಟರ ಮಟ್ಟಿಗೆ ನನ್ನ ದೂರೇನೂ ಇಲ್ಲ. ಕೈಪಿಡಿಯ ಆ ಎಚ್ಚರಿಕೆಯ ಪಟ್ಟಿಯಲ್ಲಿ ಉಗುರಿನ ಬಣ್ಣವಿದೆ, ಚರ್ಮದ ಬಣ್ಣವಿಲ್ಲ. ನನ್ನ ತಕರಾರು ಶುರುವಾಗುವುದು ಅಲ್ಲಿಂದ.

ಪೆಟ್ಟಿಗೆಯ ಮೇಲೆ ನಿಖರತೆ ‘±2’ ಎಂದು ಅಚ್ಚಾಗಿದೆ. ಪರದೆ 94 ಎಂದು ತೋರಿಸಿದರೆ ನಿಜವಾದ ಪ್ರಮಾಣ 92ರಿಂದ 96ರ ಒಳಗೆ ಇದ್ದೇ ಇರುತ್ತದೆ ಎಂದು ಇದನ್ನು ಓದಿದವರು ಭಾವಿಸುವುದು ಸಹಜ. ನಾನೂ ಹಾಗೆಯೇ ಭಾವಿಸಿದ್ದೆ. ವಾಸ್ತವದಲ್ಲಿ ಅದು ಸಂಖ್ಯಾಶಾಸ್ತ್ರದ ಒಂದು ಬಗೆಯ ಸರಾಸರಿ. ಪರೀಕ್ಷೆಯಲ್ಲಿ ತೆಗೆದ ಅಳತೆಗಳಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಆ ಅಂತರದೊಳಗೆ ಬಂದವು, ಉಳಿದ ಒಂದು ಪಾಲು ಆಚೆಗೆ ಹೋದವು ಎಂಬಷ್ಟೇ ಅದರ ಅರ್ಥ. ಆಚೆಗೆ ಹೋದ ಆ ಪಾಲು ಪರೀಕ್ಷೆಗೆ ಬಂದ ಎಲ್ಲರಲ್ಲೂ ಸಮನಾಗಿ ಹಂಚಿಹೋಯಿತೇ, ಇಲ್ಲವೇ ಕೆಲವರ ಬೆರಳಿನ ಮೇಲೆಯೇ ಹೆಚ್ಚಾಗಿ ಬಿತ್ತೇ ಎಂದು ಕೇಳಿದರೆ ಪೆಟ್ಟಿಗೆಯಲ್ಲಿ ಉತ್ತರವಿಲ್ಲ. ಹತ್ತು ಜನರಲ್ಲಿ ಎಂಟು ಜನರನ್ನು ಅಚ್ಚುಕಟ್ಟಾಗಿ, ಇಬ್ಬರನ್ನು ಸಡಿಲವಾಗಿ ಅಳೆಯುವ ಉಪಕರಣಕ್ಕೂ, ಹತ್ತೂ ಜನರನ್ನು ಸಮನಾಗಿ ಅಳೆಯುವ ಉಪಕರಣಕ್ಕೂ ಇದೇ ಸಂಖ್ಯೆಯನ್ನು ಅಚ್ಚು ಹಾಕಬಹುದು.

ಉಪಕರಣದ ಒಳಗಿನ ತತ್ತ್ವ ಬಹಳ ಜಾಣತನದ್ದು. ಬೆರಳಿನ ಒಂದು ಬದಿಯಿಂದ ಸುಮಾರು 660 ನ್ಯಾನೊಮೀಟರ್ ತರಂಗಾಂತರದ ಕೆಂಪು ಬೆಳಕು ಮತ್ತು ಸುಮಾರು 940 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಬೆಳಕು ಹಾಯುತ್ತವೆ. ಇನ್ನೊಂದು ಬದಿಯಲ್ಲಿ ಎಷ್ಟು ಬೆಳಕು ಹೊರಬಂತೆಂದು ಅಳೆಯಲಾಗುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಮತ್ತು ಹೊರದ ಹಿಮೋಗ್ಲೋಬಿನ್ ಈ ಎರಡು ಬೆಳಕುಗಳನ್ನು ಬೇರೆ ಬೇರೆ ಪ್ರಮಾಣದಲ್ಲಿ ಹೀರುವುದರಿಂದ, ಎರಡರ ಅನುಪಾತದಿಂದ ಆಮ್ಲಜನಕದ ಪ್ರಮಾಣವನ್ನು ಲೆಕ್ಕ ಹಾಕಬಹುದು. ಆದರೆ ಚರ್ಮ, ಮೂಳೆ, ಮಾಂಸ, ಅಭಿಧಮನಿಯ ರಕ್ತ ಎಲ್ಲವೂ ಬೆಳಕನ್ನು ಹೀರುತ್ತವಲ್ಲ, ಅವನ್ನು ಲೆಕ್ಕದಿಂದ ಕಳೆಯುವುದು ಹೇಗೆ? ಜಪಾನಿನ ಎಂಜಿನಿಯರ್ ತಕುವೊ ಅಒಯಾಗಿ 1974ರಲ್ಲಿ ಕಂಡುಕೊಂಡ ಉಪಾಯವೆಂದರೆ, ನಾಡಿಯ ಪ್ರತಿ ಬಡಿತಕ್ಕೂ ಏರಿಳಿಯುವ ಬೆಳಕಿನ ಪಾಲನ್ನು ಮಾತ್ರ ಗಣಿಸುವುದು. ಬಡಿತದೊಂದಿಗೆ ಬದಲಾಗುವುದು ಅಪಧಮನಿಯ ರಕ್ತವೊಂದೇ. ಉಳಿದದ್ದೆಲ್ಲ ಸ್ಥಿರ, ಆದ್ದರಿಂದ ತಾನಾಗಿ ಕಳೆದುಹೋಗುತ್ತದೆ. ಈ ಉಪಾಯದ ಪ್ರಕಾರ ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ ಕೂಡ ಸ್ಥಿರವಾದದ್ದರಿಂದ ಮೈಬಣ್ಣ ಯಾವುದಾದರೂ ಫಲಿತಾಂಶ ಒಂದೇ ಆಗಬೇಕು. ಕಾಗದದ ಮೇಲೆ ಇಷ್ಟು ನ್ಯಾಯಬದ್ಧವಾದ ಉಪಕರಣ ಇನ್ನೊಂದು ಸಿಗುವುದು ಕಷ್ಟ.

ಕಾಗದದಿಂದ ಬೆರಳಿಗೆ ಬಂದಾಗ ಎರಡು ತೊಡಕುಗಳಾಗುತ್ತವೆ. ಒಂದು, ಸಣ್ಣ ದೀಪಗಳಿಂದ ಬರುವ ಬೆಳಕು ಒಂದೇ ಶುದ್ಧ ತರಂಗಾಂತರದ್ದಲ್ಲ. ಮೆಲನಿನ್ ಕೆಂಪು ಬೆಳಕನ್ನು ಅವಕೆಂಪಿಗಿಂತ ಹೆಚ್ಚು ಹೀರುವುದರಿಂದ, ಗಾಢ ಚರ್ಮದ ಮೂಲಕ ಹಾಯುವಾಗ ಬೆಳಕಿನ ಗುಣವೇ ತುಸು ಬದಲಾಗುತ್ತದೆ, ಸಂಕೇತವೂ ಕ್ಷೀಣಿಸುತ್ತದೆ. ಎರಡನೆಯದು ಇದಕ್ಕಿಂತ ಮುಖ್ಯವಾದದ್ದು. ಬೆಳಕಿನ ಅನುಪಾತದಿಂದ ಶೇಕಡಾವಾರನ್ನು ನೇರವಾಗಿ ಸೂತ್ರದಿಂದ ಪಡೆಯಲಾಗುವುದಿಲ್ಲ. ಆರೋಗ್ಯವಂತ ಸ್ವಯಂಸೇವಕರನ್ನು ಕರೆತಂದು, ಅವರು ಉಸಿರಾಡುವ ಗಾಳಿಯಲ್ಲಿ ಆಮ್ಲಜನಕವನ್ನು ಹಂತ ಹಂತವಾಗಿ ಇಳಿಸಿ, ಪ್ರತಿ ಹಂತದಲ್ಲಿಯೂ ಅಪಧಮನಿಯಿಂದ ರಕ್ತ ತೆಗೆದು ಪರೀಕ್ಷಿಸಿ, ಇಂಥ ಅನುಪಾತ ಬಂದಾಗ ಇಂಥ ಶೇಕಡಾವಾರು ಎಂದು ಒಂದು ಕೋಷ್ಟಕವನ್ನು ಕಟ್ಟಬೇಕು. ನನ್ನ ಕೈಯಲ್ಲಿರುವ ಈ ಪುಟ್ಟ ಪೆಟ್ಟಿಗೆಯೊಳಗೆ ಅಂಥದ್ದೊಂದು ಕೋಷ್ಟಕ ಕುಳಿತಿದೆ. ಅಂದರೆ ಪ್ರತಿ ಸಲ ಬೆರಳಿಟ್ಟಾಗಲೂ ಉಪಕರಣವು ಎಂದೋ ಎಲ್ಲಿಯೋ ಬೆರಳು ಕೊಟ್ಟ ಕೆಲವರೊಂದಿಗೆ ನಮ್ಮನ್ನು ಹೋಲಿಸಿ ಉತ್ತರ ಹೇಳುತ್ತದೆ. ಆ ಕೆಲವರು ಯಾರೆಂಬುದು ಸಾಮಾಜಿಕ ಪ್ರಶ್ನೆ.

ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2013ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇದಕ್ಕೊಂದು ಉತ್ತರವಿದೆ. ಕನಿಷ್ಠ ಹತ್ತು ಜನ ಆರೋಗ್ಯವಂತರ ಮೇಲೆ ಪರೀಕ್ಷೆ ನಡೆಸಬೇಕು. ಅವರಲ್ಲಿ ಕನಿಷ್ಠ ಇಬ್ಬರು, ಅಥವಾ ಒಟ್ಟು ಜನರಲ್ಲಿ ಶೇ. 15, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಮಂದಿ ಗಾಢ ಚರ್ಮದವರಾಗಿರಬೇಕು. ಗಾಢ ಎಂದರೆ ಎಷ್ಟು ಗಾಢ ಎಂಬುದನ್ನು ಅಳೆಯುವ ವಿಧಾನವನ್ನು ಅದು ಗೊತ್ತುಪಡಿಸಲಿಲ್ಲ. ಮಾರುಕಟ್ಟೆಯನ್ನು ಪ್ರವೇಶಿಸಲು ಇಬ್ಬರ ಬೆರಳು ಸಾಕು ಎಂದ ಮೇಲೆ ತಯಾರಕರು ಮೂರನೆಯವರನ್ನು ಹುಡುಕಿಕೊಂಡು ಹೋಗುವ ಕಾರಣವೇನಿದೆ? ಈ ನಿಯಮವನ್ನು ಬರೆದವರಲ್ಲಿ ಯಾರಿಗೂ ಕಪ್ಪು ಜನಾಂಗದವರ ಮೇಲೆ ದ್ವೇಷವಿದ್ದಿರಬೇಕಾಗಿಲ್ಲ. ದ್ವೇಷವಿಲ್ಲದೆಯೇ ಕೆಲಸ ನಡೆದುಹೋಗುವಂಥ ವ್ಯವಸ್ಥೆಯಿದು. ಜನಾಂಗಭೇದವನ್ನು ಬೈಗುಳದಲ್ಲಿ, ಹೊಡೆತದಲ್ಲಿ ಮಾತ್ರ ಹುಡುಕುವವರಿಗೆ ಮಾರ್ಗಸೂಚಿಯೊಂದರ ಪುಟದಲ್ಲಿ ಅದು ಕಾಣಿಸುವುದಿಲ್ಲ. ಇನ್ನು, ಆರೋಗ್ಯ ಮತ್ತು ಕ್ರೀಡೆಯ ಸಾಮಾನ್ಯ ಬಳಕೆಗೆಂದು ಹೇಳಿಕೊಂಡು ಅಂಗಡಿಯಲ್ಲಿ ನೇರವಾಗಿ ಮಾರಾಟವಾಗುವ ಆಕ್ಸಿಮೀಟರುಗಳಿಗೆ ಅಲ್ಲಿ ಈ ಪರಿಶೀಲನೆಯೂ ಇಲ್ಲ.

ಗೊತ್ತಿರಲಿಲ್ಲ ಎನ್ನುವಂತಿಲ್ಲ. ಕೃತಕ ಉಸಿರಾಟದಲ್ಲಿದ್ದ ರೋಗಿಗಳ ಬಗ್ಗೆ 1990ರಲ್ಲಿಯೇ ಪ್ರಕಟವಾದ ಒಂದು ಅಧ್ಯಯನವು, ಬಿಳಿಯ ರೋಗಿಗಳಲ್ಲಿ ಆಕ್ಸಿಮೀಟರಿನ 92 ಎಂಬ ಗುರಿ ಸಾಕಾದರೆ ಕಪ್ಪು ಜನಾಂಗದ ರೋಗಿಗಳಲ್ಲಿ 95ರ ಗುರಿ ಇಟ್ಟುಕೊಳ್ಳಬೇಕಾಗುತ್ತದೆ ಎಂದಿತ್ತು. 2005ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯ ವಿಶ್ವವಿದ್ಯಾಲಯದ ಪ್ರಯೋಗಾಲಯವು, ಆಮ್ಲಜನಕ ಇಳಿದಷ್ಟೂ ಗಾಢ ಚರ್ಮದವರಲ್ಲಿ ಉಪಕರಣಗಳು ವಾಸ್ತವಕ್ಕಿಂತ ಹೆಚ್ಚು ತೋರಿಸುತ್ತವೆ ಎಂದು ದಾಖಲಿಸಿತು. ಇವು ತಜ್ಞರ ಪತ್ರಿಕೆಗಳಲ್ಲಿಯೇ ಉಳಿದವು. ಕೋವಿಡ್ ಬಂದು ಈ ಉಪಕರಣ ಮನೆಮನೆಗೂ ತಲುಪಿದ 2020ರಲ್ಲಿ, ಆಗಸ್ಟ್ ತಿಂಗಳಿನಲ್ಲಿ ಮಾನವಶಾಸ್ತ್ರಜ್ಞೆ ಏಮಿ ಮೊರಾನ್-ಥಾಮಸ್ ಈ ಹಳೆಯ ಅಧ್ಯಯನಗಳನ್ನು ಮತ್ತೆ ಬೆಳಕಿಗೆ ತಂದು ಲೇಖನ ಬರೆದರು. ಅದನ್ನು ಓದಿದ ಮಿಷಿಗನ್ ವಿಶ್ವವಿದ್ಯಾಲಯದ ವೈದ್ಯರು ತಮ್ಮ ಆಸ್ಪತ್ರೆಯ ದಾಖಲೆಗಳನ್ನೇ ತೆರೆದು ನೋಡಿದರು. ಡಿಸೆಂಬರಿನಲ್ಲಿ ಪ್ರಕಟವಾದ ಅವರ ಲೆಕ್ಕ ಹೀಗಿದೆ: ಆಕ್ಸಿಮೀಟರ್ 92ರಿಂದ 96ರವರೆಗೆ ತೋರಿಸುತ್ತಿದ್ದಾಗ, ಅಂದರೆ ನೋಡಿದವರಿಗೆ ಸಮಾಧಾನವಾಗುವಂತಿದ್ದಾಗ, ಅಪಧಮನಿಯ ರಕ್ತದಲ್ಲಿ ನಿಜವಾದ ಪ್ರಮಾಣ 88ಕ್ಕಿಂತ ಕೆಳಗಿದ್ದ ಪ್ರಸಂಗಗಳು ಬಿಳಿಯ ರೋಗಿಗಳ ಅಳತೆಗಳಲ್ಲಿ ಶೇ. 3.6, ಕಪ್ಪು ಜನಾಂಗದ ರೋಗಿಗಳ ಅಳತೆಗಳಲ್ಲಿ ಶೇ. 11.7. ಇತರ 178 ಆಸ್ಪತ್ರೆಗಳ ತೀವ್ರ ನಿಗಾ ಘಟಕಗಳ ಹಳೆಯ ದಾಖಲೆಗಳಲ್ಲಿ ಇದೇ ಪ್ರಮಾಣಗಳು ಶೇ. 6.2 ಮತ್ತು ಶೇ. 17. ಮೂವತ್ತು ವರ್ಷಗಳ ಹಿಂದೆಯೇ ಹೇಳಿದ್ದನ್ನು ಸಾವಿರಾರು ರೋಗಿಗಳ ರಕ್ತ ಮತ್ತೊಮ್ಮೆ ಹೇಳಬೇಕಾಯಿತು.

ಈ ಸಂಖ್ಯೆಗಳನ್ನು ಓದುವುದಕ್ಕೆ ಮುಂಚೆ ನಮಗೂ ಒಂದು ಅನುಭವವಾಗಿತ್ತು. ಹಿರಿಯರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆಗೆ ಹೋದ ದಿನ ನಮ್ಮ ಉಪಕರಣ 94 ತೋರಿಸುತ್ತಿತ್ತು. ಅಲ್ಲಿನ ಉಪಕರಣವೂ ಹೆಚ್ಚುಕಡಿಮೆ ಅಷ್ಟನ್ನೇ ತೋರಿಸಿತು. ಮುಖದ ಆಯಾಸವನ್ನು ನೋಡಿದ ವೈದ್ಯೆಯೊಬ್ಬರು ಅಂಕಿಯನ್ನು ನಂಬದೆ, ಅಪಧಮನಿಯ ರಕ್ತದಲ್ಲಿನ ಆಮ್ಲಜನಕವನ್ನು ನೇರವಾಗಿ ಅಳೆಯುವ ಎಬಿಜಿ ಪರೀಕ್ಷೆ ಮಾಡಿಸಿದರು. ಬಂದದ್ದು 89. ಒಂದು ಸಲದ ಈ ವ್ಯತ್ಯಾಸಕ್ಕೆ ಕಾರಣ ಮೈಬಣ್ಣವೇ ಎಂದು ನಾನು ಸಾಧಿಸಲಾರೆ. ಬೆರಳು ತಣ್ಣಗಿತ್ತು, ರಕ್ತಸಂಚಾರ ದುರ್ಬಲವಾಗಿತ್ತು, ಕಾರಣ ಇನ್ನೇನೋ ಇರಬಹುದು. ಒಬ್ಬ ರೋಗಿಯಲ್ಲಿ ಇದನ್ನು ಬಿಡಿಸಿ ಹೇಳಲು ಸಾಧ್ಯವಿಲ್ಲದಿರುವುದೇ ಈ ಬಗೆಯ ದೋಷದ ಸ್ವಭಾವ. ಸಾವಿರ ಜನರನ್ನು ಒಟ್ಟಿಗೆ ನೋಡಿದಾಗ ಮಾತ್ರ ಅದು ಕಣ್ಣಿಗೆ ಬೀಳುತ್ತದೆ, ಅಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮದೇ ಹಣೆಬರಹವೆಂದುಕೊಂಡು ಮನೆಗೆ ಹೋಗಿರುತ್ತಾರೆ.

ಐದು ಅಂಕಗಳ ವ್ಯತ್ಯಾಸದಿಂದ ಆಗುವುದೇನು ಎಂದು ಕೇಳುವವರಿಗೆ ಉತ್ತರವಿರುವುದು ಸಂಸ್ಥೆಗಳು ಎಳೆದಿರುವ ಗೆರೆಗಳಲ್ಲಿ. ವೈದ್ಯರು ಅಂಕಿಯೊಂದನ್ನು ರೋಗಿಯ ಮುಖ, ಉಸಿರು, ಮಾತು ಎಲ್ಲದರ ಜೊತೆಗಿಟ್ಟು ತೂಗಬಹುದು. ಸಂಸ್ಥೆಗೆ ಅಷ್ಟು ವ್ಯವಧಾನವಿಲ್ಲ, ಅದಕ್ಕೆ ಗೆರೆ ಬೇಕು. ಅಮೆರಿಕದಲ್ಲಿ ಹಿರಿಯರಿಗಾಗಿ ಸರ್ಕಾರ ನಡೆಸುವ ಮೆಡಿಕೇರ್ ವಿಮೆಯು ಮನೆಯಲ್ಲಿ ಆಮ್ಲಜನಕ ಪಡೆಯುವ ವೆಚ್ಚವನ್ನು ಭರಿಸಲು ಇಟ್ಟಿರುವ ಮುಖ್ಯ ಮಾನದಂಡಗಳಲ್ಲಿ ಒಂದು, ಆಮ್ಲಜನಕದ ಪ್ರಮಾಣ 88 ಅಥವಾ ಅದಕ್ಕಿಂತ ಕೆಳಗಿರಬೇಕೆಂಬುದು. 2020ರ ಮೇ ತಿಂಗಳಿನಲ್ಲಿ ರೆಮ್‌ಡೆಸಿವಿರ್ ಔಷಧಕ್ಕೆ ತುರ್ತು ಅನುಮತಿ ಕೊಟ್ಟಾಗ ತೀವ್ರ ಕಾಯಿಲೆ ಎನಿಸಿಕೊಳ್ಳಲು ಇಟ್ಟ ಗೆರೆಗಳಲ್ಲಿ 94 ಒಂದಾಗಿತ್ತು. ನಿಜವಾದ ಪ್ರಮಾಣ 87 ಇರುವ ಇಬ್ಬರನ್ನು ಊಹಿಸಿಕೊಳ್ಳಿ. ಒಬ್ಬರ ಬೆರಳಲ್ಲಿ 87 ಎಂದೇ ತೋರಿದರೆ ಆಮ್ಲಜನಕದ ಸಿಲಿಂಡರ್ ಮನೆಗೆ ಬರುತ್ತದೆ, ಇನ್ನೊಬ್ಬರ ಬೆರಳಲ್ಲಿ 90 ಎಂದು ತೋರಿದರೆ ಅರ್ಜಿ ವಾಪಸ್ಸಾಗುತ್ತದೆ. ಎಬಿಜಿ ಪರೀಕ್ಷೆ ಮಾಡಿಸಿ ಮೇಲ್ಮನವಿ ಹಾಕಬಹುದೆಂಬುದೇನೋ ನಿಜ, ಆದರೆ ಹಾಗೆ ಮಾಡಿಸಲು ತನ್ನ ಮಾತನ್ನು ಕಿವಿಗೊಟ್ಟು ಕೇಳುವ ವೈದ್ಯ, ಕೆಲಸದಿಂದ ರಜೆ, ಮತ್ತೆ ಆಸ್ಪತ್ರೆಗೆ ಹೋಗಲು ವಾಹನ ಎಲ್ಲವೂ ಬೇಕು. ಬಾಡಿಗೆ, ಶಾಲೆ, ಉದ್ಯೋಗ, ವಾಸದ ಬಡಾವಣೆ ಎಲ್ಲ ಕಡೆಯೂ ತಲೆಮಾರುಗಳಿಂದ ಹಿಂದೆ ತಳ್ಳಲ್ಪಟ್ಟವರ ಬಳಿ ಅವು ಇರುವ ಸಂಭವ ಕಡಿಮೆ. ದೋಷವನ್ನು ತಿದ್ದಿಸಿಕೊಳ್ಳುವ ಶಕ್ತಿಯೂ ದೋಷ ಬಿದ್ದ ಕಡೆಯೇ ಕಡಿಮೆಯಿರುವಂತೆ ಈ ಎರಡೂ ಒಂದರ ಮೇಲೊಂದು ಕೂತಿವೆ.

ಹೀಗೆ ಆಗಿರುವುದಕ್ಕೆ ಪುರಾವೆಯೂ ಇದೆ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಗಳ ಸಮೂಹದ ಕೋವಿಡ್ ರೋಗಿಗಳ ದಾಖಲೆಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಕಪ್ಪು ಜನಾಂಗದವರು ಮತ್ತು ಹಿಸ್ಪಾನಿಕ್ ಮೂಲದವರು ಚಿಕಿತ್ಸೆಗೆ ಅರ್ಹರೆಂಬುದನ್ನು ಗುರುತಿಸುವುದು ಬಿಳಿಯರಿಗಿಂತ ತಡವಾಗಿತ್ತು. ಕೆಲವರ ಅರ್ಹತೆ ಕೊನೆಯವರೆಗೂ ಗುರುತಿಗೆ ಬಂದಿರಲೇ ಇಲ್ಲ. ಯಾವ ದಾದಿಯೂ ಯಾವ ವೈದ್ಯರೂ ಅವರನ್ನು ಬೇಕೆಂದು ಕಡೆಗಣಿಸಿದ್ದಿರಲಾರದು. ಎಲ್ಲರೂ ಪರದೆಯನ್ನು ನೋಡಿ, ನಿಯಮಾವಳಿಯನ್ನು ಪಾಲಿಸಿದ್ದರು.

ಮೆಡಿಕೇರ್ ಹೆಸರು ಬಂದದ್ದರಿಂದ ಒಂದು ಮಾತು ಸೇರಿಸಬೇಕು, ಸ್ವಲ್ಪ ದಾರಿ ಬಿಟ್ಟಂತೆ ಕಂಡರೂ. 1946ರ ಹಿಲ್-ಬರ್ಟನ್ ಕಾಯ್ದೆಯಡಿ ಆಸ್ಪತ್ರೆ ಕಟ್ಟಲು ಅಮೆರಿಕದ ಕೇಂದ್ರ ಸರ್ಕಾರ ಕೊಟ್ಟ ಹಣದಲ್ಲಿ ‘ಪ್ರತ್ಯೇಕ ಆದರೆ ಸಮಾನ’ ಎಂಬ ಹೆಸರಿನಲ್ಲಿ ಬಿಳಿಯರಿಗೊಂದು, ಕಪ್ಪು ಜನರಿಗೊಂದು ವ್ಯವಸ್ಥೆ ಮಾಡಲು ಅವಕಾಶವಿತ್ತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬಂದು, 1966ರಲ್ಲಿ ಮೆಡಿಕೇರ್ ಆರಂಭವಾದಾಗ, ಜನಾಂಗದ ಆಧಾರದ ಮೇಲೆ ರೋಗಿಗಳನ್ನು ಬೇರ್ಪಡಿಸುವ ಆಸ್ಪತ್ರೆಗೆ ಹಣವಿಲ್ಲ ಎಂಬ ಷರತ್ತು ಬಂತು. ಭಾಷಣಗಳಿಗೆ ಅಲುಗಾಡದ ಗೋಡೆಗಳು ಆ ಷರತ್ತಿಗೆ ಕೆಲವೇ ತಿಂಗಳುಗಳಲ್ಲಿ ಕುಸಿದವು. ವಾರ್ಡುಗಳ ನಡುವಿನ ಗೆರೆಯನ್ನು ಅಳಿಸಿದ ಅದೇ ಸಂಸ್ಥೆ ಈಗ 88 ಎಂಬ ಇನ್ನೊಂದು ಗೆರೆಯನ್ನು ಕಾಯುತ್ತಿದೆ. ಮೊದಲಿನ ಗೆರೆಯನ್ನು ಬಾಗಿಲ ಮೇಲೆ ಬರೆದಿದ್ದರು, ಓದಲು ಬರುವವರಿಗೆಲ್ಲ ಕಾಣುತ್ತಿತ್ತು.

ಇಲ್ಲಿ ಜನಾಂಗ ಮತ್ತು ಮೈಬಣ್ಣ ಎರಡನ್ನೂ ಒಂದೇ ಎಂಬಂತೆ ಬಳಸುವ ಅಪಾಯವಿದೆ. ಮೇಲಿನ ಅಧ್ಯಯನಗಳ ಒಂದು ಮಿತಿಯೂ ಇದೇ. ಮಿಷಿಗನ್ನಿನ ವೈದ್ಯರ ಮುಂದಿದ್ದದ್ದು ರೋಗಿಗಳು ತಾವು ಯಾವ ಜನಾಂಗದವರೆಂದು ಹೇಳಿದ್ದ ದಾಖಲೆ. ಚರ್ಮದಲ್ಲಿ ಮೆಲನಿನ್ ಎಷ್ಟಿದೆಯೆಂದು ಯಾರೂ ಅಳೆದಿರಲಿಲ್ಲ. ಬೆಳಕಿಗೆ ಜನಾಂಗ ತಿಳಿಯದು, ಮೆಲನಿನ್ ಮಾತ್ರ ತಿಳಿಯುತ್ತದೆ. ಸರ್ಕಾರಿ ನಮೂನೆಗೆ ಮೆಲನಿನ್ ತಿಳಿಯದು, ಜನಾಂಗ ಮಾತ್ರ ತಿಳಿಯುತ್ತದೆ. ಭಾರತೀಯ ಮೂಲದವರ ಉದಾಹರಣೆಯನ್ನೇ ನೋಡಿ: ಅಮೆರಿಕದ ಜನಗಣತಿಯು 1930 ಮತ್ತು 1940ರಲ್ಲಿ ಅವರನ್ನು ‘ಹಿಂದೂ’ ಎಂಬ ಜನಾಂಗವಾಗಿ ಎಣಿಸಿತು, 1970ರಲ್ಲಿ ಬಿಳಿಯರೊಳಗೆ ಸೇರಿಸಿತು, 1980ರಿಂದ ಏಷ್ಯನ್ನರ ಸಾಲಿಗೆ ದಾಟಿಸಿತು. ಈ ಅವಧಿಯಲ್ಲಿ ಯಾರ ಚರ್ಮವೂ ಬದಲಾಗಿರಲಿಲ್ಲ. ಅತಿ ತಿಳಿ ಬಣ್ಣದವರೂ ಅತಿ ಗಾಢ ಬಣ್ಣದವರೂ ‘ಏಷ್ಯನ್’ ಎಂಬ ಒಂದೇ ವರ್ಗದಲ್ಲಿ ಸೇರಿಹೋದಾಗ ಸರಾಸರಿಯಲ್ಲಿ ದೋಷ ತೆಳ್ಳಗಾಗಿ ಕಾಣುತ್ತದೆ, ಅಷ್ಟರಿಂದ ಆ ವರ್ಗದ ಗಾಢ ಬಣ್ಣದವರ ಬೆರಳಲ್ಲಿ ಅಂಕಿ ಸರಿಯಾಗುವುದಿಲ್ಲ. ಹಾಗೆಂದು ಜನಾಂಗದ ಲೆಕ್ಕವೇ ಬೇಡವೆನ್ನುವುದೂ ತಪ್ಪು. ದೋಷ ಹುಟ್ಟುವುದು ಚರ್ಮದಲ್ಲಿ. ಅದು ಯಾರ ಬದುಕಿನ ಮೇಲೆ ಎಷ್ಟು ಭಾರವಾಗಿ ಬೀಳುತ್ತದೆ ಎಂಬುದನ್ನು ತೀರ್ಮಾನಿಸುವುದು ಜನಾಂಗದ ಆಧಾರದ ಮೇಲೆ ಕಟ್ಟಿದ ಸಮಾಜ.

ವೈದ್ಯಕೀಯದಲ್ಲಿ ಇದರ ತದ್ವಿರುದ್ಧವಾದ ತಪ್ಪೂ ನಡೆದಿದೆ, ಮತ್ತು ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಾಗಲೇ ನನಗೆ ಈ ವಿಷಯ ಸರಿಯಾಗಿ ಅರ್ಥವಾದದ್ದು. ಆಕ್ಸಿಮೀಟರ್ ಮೈಬಣ್ಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳದೆ ಕೆಟ್ಟಿತು. ಮೂತ್ರಪಿಂಡದ ಲೆಕ್ಕವು ಜನಾಂಗವನ್ನು ಸೂತ್ರದೊಳಗೇ ಬರೆದುಕೊಂಡು ಕೆಟ್ಟಿತು. ರಕ್ತದಲ್ಲಿನ ಕ್ರಿಯಾಟಿನಿನ್ ಎಂಬ ತ್ಯಾಜ್ಯದ ಪ್ರಮಾಣದಿಂದ ಮೂತ್ರಪಿಂಡ ಎಷ್ಟು ಕೆಲಸ ಮಾಡುತ್ತಿದೆಯೆಂದು ಅಂದಾಜಿಸಲು 2009ರಲ್ಲಿ ಬಂದ ಸೂತ್ರವು ರೋಗಿ ಕಪ್ಪು ಜನಾಂಗದವರಾದರೆ ಉತ್ತರವನ್ನು 1.159ರಿಂದ ಗುಣಿಸುತ್ತಿತ್ತು, ಅದಕ್ಕೂ ಹಿಂದಿನ ಸೂತ್ರದಲ್ಲಿ ಇನ್ನೂ ದೊಡ್ಡ ಗುಣಕವಿತ್ತು. ಪರಿಣಾಮವಾಗಿ ಅವರ ಮೂತ್ರಪಿಂಡ ಕಾಗದದ ಮೇಲೆ ಇದ್ದದ್ದಕ್ಕಿಂತ ಆರೋಗ್ಯವಾಗಿ ಕಾಣುತ್ತಿತ್ತು, ಕಸಿಗಾಗಿ ಕಾಯುವವರ ಪಟ್ಟಿಗೆ ಹೆಸರು ಸೇರುವುದು ತಡವಾಗುತ್ತಿತ್ತು. 2021ರಲ್ಲಿ ಆ ಗುಣಕವನ್ನು ತೆಗೆದು ಹೊಸ ಸೂತ್ರ ಬಂತು. 2023ರ ಜನವರಿಯಿಂದ ಅಮೆರಿಕದಲ್ಲಿ ಹಳೆಯ ಲೆಕ್ಕದಿಂದ ಕಳೆದುಹೋದ ಕಾಯುವ ಅವಧಿಯನ್ನು ಮರಳಿ ಸೇರಿಸತೊಡಗಿದರು, 2024ರ ಮಾರ್ಚ್ ಮಧ್ಯದ ಹೊತ್ತಿಗೆ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜನರ ಅವಧಿ ತಿದ್ದುಪಡಿಯಾಯಿತು. ಉಸಿರಿನ ಶಕ್ತಿಯನ್ನು ಅಳೆಯುವ ಸ್ಪೈರೊಮೀಟರಿನ ಕಥೆ ಇನ್ನೂ ಹಳೆಯದು. ಗುಲಾಮಗಿರಿಯನ್ನು ಸಮರ್ಥಿಸುತ್ತಿದ್ದ ಸ್ಯಾಮ್ಯುಯೆಲ್ ಕಾರ್ಟ್‌ರೈಟ್ ಎಂಬ ವೈದ್ಯ ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಕಪ್ಪು ಜನರ ಶ್ವಾಸಕೋಶ ಹುಟ್ಟಿನಿಂದಲೇ ದುರ್ಬಲವೆಂದು ಪ್ರತಿಪಾದಿಸಿದ್ದ. ಆ ಪೂರ್ವಗ್ರಹದ ಎಳೆ ‘ಜನಾಂಗೀಯ ತಿದ್ದುಪಡಿ’ ಎಂಬ ಸಭ್ಯವಾದ ಹೆಸರಿನಲ್ಲಿ ಉಪಕರಣದ ಒಳಗೇ ಉಳಿದುಕೊಂಡಿತ್ತು. ಅಮೆರಿಕದ ಶ್ವಾಸಕೋಶ ತಜ್ಞರ ಸಂಘವು ಜನಾಂಗವನ್ನು ಬಿಟ್ಟು ಲೆಕ್ಕ ಹಾಕಬೇಕೆಂದು ಶಿಫಾರಸು ಮಾಡಿದ್ದು 2023ರಲ್ಲಿ.

ಜನಾಂಗವನ್ನು ಗಮನಿಸದೆ ಇದ್ದಾಗಲೂ, ಅತಿಯಾಗಿ ಗಮನಿಸಿದಾಗಲೂ ಹಾನಿಯಾದದ್ದು ಒಂದೇ ಕಡೆಯವರಿಗೆ ಎಂಬುದು ಕಾಕತಾಳೀಯವೆಂದು ನನಗೆ ಅನ್ನಿಸುವುದಿಲ್ಲ. ಮೂರೂ ಉಪಕರಣಗಳು ಕಾಯಿಲೆಯಿದ್ದವರನ್ನು ಕಾಯಿಲೆಯಿಲ್ಲದವರಂತೆ ತೋರಿಸಿದವು, ಮತ್ತು ಹಾಗೆ ತೋರಿಸಿದ್ದನ್ನು ಅನುಮಾನಿಸಲು ಯಾರಿಗೂ ತುರ್ತು ಕಾಣಲಿಲ್ಲ. ದೋಷ ಬಿಳಿಯರ ಬೆರಳಲ್ಲಿ ಇಷ್ಟೇ ಪ್ರಮಾಣದಲ್ಲಿ ಕಂಡಿದ್ದರೆ 1990ರ ಅಧ್ಯಯನಕ್ಕೆ ಮೂವತ್ತು ವರ್ಷ ಕಾಯಬೇಕಾಗುತ್ತಿತ್ತೇ ಎಂದು ಕೇಳಿಕೊಂಡರೆ ಸಾಕು.

ಬೇರೆ ದಾರಿ ಇರಲಿಲ್ಲವೆಂದೂ ಹೇಳಲಾಗದು. ಎಪ್ಪತ್ತರ ದಶಕದಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ತಯಾರಿಸುತ್ತಿದ್ದ, ಕಿವಿಗೆ ಹಾಕುವ ಆಕ್ಸಿಮೀಟರ್ ಎಂಟು ತರಂಗಾಂತರಗಳ ಬೆಳಕನ್ನು ಬಳಸುತ್ತಿತ್ತು. ಹೆಚ್ಚು ತರಂಗಾಂತರಗಳಿದ್ದರೆ ರಕ್ತದ ಪಾಲನ್ನೂ ಚರ್ಮದ ಪಾಲನ್ನೂ ಬೇರ್ಪಡಿಸುವುದು ಸುಲಭ. ಆದರೆ ಅದು ದೊಡ್ಡದು, ದುಬಾರಿ, ಕಿವಿಗೆ ಭಾರ. ಎರಡೇ ತರಂಗಾಂತರಗಳ ಅಗ್ಗದ ಉಪಕರಣಗಳು ಎಂಬತ್ತರ ದಶಕದಲ್ಲಿ ಶಸ್ತ್ರಚಿಕಿತ್ಸಾ ಕೊಠಡಿಗಳನ್ನು ತುಂಬಿದ ಮೇಲೆ ಅದು ಕಾಣೆಯಾಯಿತು. ಅಗ್ಗವಾದದ್ದರಿಂದ ಲಕ್ಷಾಂತರ ಜೀವಗಳು ಉಳಿದಿವೆ, ಅರಿವಳಿಕೆ ಸುರಕ್ಷಿತವಾಗಿದೆ. ಅದನ್ನು ಅಲ್ಲಗಳೆಯುವುದು ಕೃತಘ್ನತೆಯಾಗುತ್ತದೆ. ಅಒಯಾಗಿ ಅವರು ತೀರಿಕೊಂಡದ್ದು 2020ರ ಏಪ್ರಿಲ್‌ನಲ್ಲಿ, ತಮ್ಮ ಉಪಾಯ ಪ್ರಪಂಚದ ಪ್ರತಿ ಮೂಲೆಯಲ್ಲೂ ಬೆರಳು ಹಿಡಿದಿದ್ದ ಹೊತ್ತಿನಲ್ಲಿ. ಉಪಾಯದ ಮೇಲೆ ನನಗೆ ಆಕ್ಷೇಪವಿಲ್ಲ. ಮಾರಿದವರೂ ಕೊಂಡವರೂ ಪರವಾನಗಿ ಕೊಟ್ಟವರೂ ಇಷ್ಟು ಸಾಕೆಂದು ನಿಲ್ಲಿಸಿದ ಜಾಗ ಯಾವುದು, ಅಲ್ಲಿಗೆ ಸಾಕೆನಿಸಿದ್ದು ಯಾರಿಗೆ ಎಂಬುದಷ್ಟೇ ನನ್ನ ಆಕ್ಷೇಪ.

ಕೆಲವು ತಜ್ಞರು ಎತ್ತುವ ಒಂದು ಆಕ್ಷೇಪಣೆ ಗೌರವಕ್ಕೆ ಅರ್ಹವಾಗಿದೆ. ಆಸ್ಪತ್ರೆಯ ದಾಖಲೆಗಳಲ್ಲಿ ಬೆರಳಿನ ಅಳತೆಗೂ ರಕ್ತದ ಪರೀಕ್ಷೆಗೂ ನಡುವೆ ಹತ್ತು ನಿಮಿಷಗಳವರೆಗೆ ಅಂತರವಿರುತ್ತದೆ, ಆ ಹತ್ತು ನಿಮಿಷಗಳಲ್ಲಿ ರೋಗಿಯ ಸ್ಥಿತಿಯೇ ಬದಲಾಗಿರಬಹುದು. ಪ್ರಯೋಗಾಲಯದಲ್ಲಿ ಆರೋಗ್ಯವಂತರ ಮೇಲೆ ಅಳೆದಾಗ ವ್ಯತ್ಯಾಸ ಇಷ್ಟು ದೊಡ್ಡದಾಗಿ ಕಾಣುವುದಿಲ್ಲ ಎನ್ನುತ್ತಾರೆ. ಆದರೆ ಸಮಯದ ಅಂತರ ಎರಡೂ ಗುಂಪುಗಳಿಗೆ ಸಮಾನವಾಗಿ ಅನ್ವಯಿಸುವಂಥದ್ದು. ಅದು ಎಲ್ಲರ ಅಂಕಿಯನ್ನೂ ಅಲುಗಾಡಿಸಬಹುದೇ ಹೊರತು, ಒಂದು ಗುಂಪಿನಲ್ಲಿ ಮಾತ್ರ ಮೂರು ಪಟ್ಟು ಹೆಚ್ಚಿಸುವುದು ಹೇಗೆ ಎಂಬುದಕ್ಕೆ ಉತ್ತರ ಕೊಡುವುದಿಲ್ಲ. ಪ್ರಯೋಗಾಲಯಕ್ಕೆ ಬರುವವರು ಆರೋಗ್ಯವಂತರು, ಬೆಚ್ಚಗಿನ ಬೆರಳಿನವರು. ಉಪಕರಣ ಬೇಕಾಗುವುದು ತಣ್ಣಗಿನ ಬೆರಳಿನ ರೋಗಿಗಳಿಗೆ.

ಬದಲಾವಣೆ ಮೆಲ್ಲಗೆ ಬರುತ್ತಿದೆ. ಅಮೆರಿಕದ ಔಷಧ ಆಡಳಿತ 2021ರ ಫೆಬ್ರವರಿಯಲ್ಲಿ ಎಚ್ಚರಿಕೆಯ ಸೂಚನೆ ಹೊರಡಿಸಿತು. ಬ್ರಿಟನ್ನಿನಲ್ಲಿ ಮಾರ್ಗರೆಟ್ ವೈಟ್‌ಹೆಡ್ ನೇತೃತ್ವದ ಸ್ವತಂತ್ರ ಸಮಿತಿ ವೈದ್ಯಕೀಯ ಉಪಕರಣಗಳಲ್ಲಿನ ಪಕ್ಷಪಾತವನ್ನು ಪರಿಶೀಲಿಸಿ 2024ರ ಮಾರ್ಚ್‌ನಲ್ಲಿ ವರದಿ ಕೊಟ್ಟಿತು. 2025ರ ಜನವರಿಯಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹೊಸ ಮಾರ್ಗಸೂಚಿಯ ಕರಡು, ಹತ್ತು ಜನರ ಬದಲು ಕನಿಷ್ಠ 150 ಜನರ ಮೇಲೆ ಪರೀಕ್ಷೆ ನಡೆಸಬೇಕೆಂದೂ, ಸಮಾಜಶಾಸ್ತ್ರಜ್ಞ ಎಲ್ಲಿಸ್ ಮಾಂಕ್ ರೂಪಿಸಿದ ಹತ್ತು ಹಂತಗಳ ಮೈಬಣ್ಣದ ಮಾಪಕವನ್ನು ಬಳಸಬೇಕೆಂದೂ ಹೇಳುತ್ತದೆ. ಮೈಬಣ್ಣದ ಮಾಪಕಕ್ಕಾಗಿ ವೈದ್ಯಕೀಯವು ಸಮಾಜಶಾಸ್ತ್ರದ ಬಾಗಿಲಿಗೆ ಬರಬೇಕಾದದ್ದು ನನಗೆ ಸರಿಯಾಗಿಯೇ ಇದೆ ಅನ್ನಿಸಿತು. ಆದರೆ ಈಗಾಗಲೇ ಡ್ರಾಯರುಗಳಲ್ಲಿ, ಆಂಬುಲೆನ್ಸುಗಳಲ್ಲಿ ಇರುವ ಕೋಟ್ಯಂತರ ಉಪಕರಣಗಳ ಒಳಗಿನ ಕೋಷ್ಟಕವನ್ನು ಯಾವ ಕರಡೂ ತಿದ್ದಲಾರದು, ನನ್ನದೂ ಸೇರಿದಂತೆ.

ಹಾಗಾದರೆ ಈ ಉಪಕರಣವನ್ನು ಕೊಳ್ಳಬೇಕೇ? ಕೊಳ್ಳಬಹುದು, ನಾನೂ ಬಿಸಾಡಿಲ್ಲ. ಒಂದು ಸಲದ ಅಂಕಿಯನ್ನು ತೀರ್ಪೆಂದು ತೆಗೆದುಕೊಳ್ಳುವ ಬದಲು, ಅದೇ ವ್ಯಕ್ತಿಯ ಅದೇ ಬೆರಳಿನಲ್ಲಿ ದಿನದಿಂದ ದಿನಕ್ಕೆ ಆಗುವ ಏರಿಳಿತವನ್ನು ನೋಡುವುದಕ್ಕೆ ಇದು ಉಪಯುಕ್ತ. ಚೆನ್ನಾಗಿರುವ ದಿನ ಎಷ್ಟು ತೋರಿಸುತ್ತದೆಂದು ಗೊತ್ತಿದ್ದರೆ, ಅದಕ್ಕಿಂತ ಮೂರ್ನಾಲ್ಕು ಅಂಕ ಇಳಿದಾಗ, ಪರದೆ ಇನ್ನೂ 93 ತೋರಿಸುತ್ತಿದ್ದರೂ, ವೈದ್ಯರ ಬಳಿ ಹೋಗುವುದು ಒಳ್ಳೆಯದು. ಗಾಢ ಮೈಬಣ್ಣದವರು ತಮ್ಮ ವೈದ್ಯರೊಂದಿಗೆ ಈ ವಿಷಯವನ್ನು ಬಾಯಿಬಿಟ್ಟು ಪ್ರಸ್ತಾಪಿಸಬೇಕು. ಉಸಿರು ಕಟ್ಟುತ್ತಿದ್ದರೆ, ತುಟಿಯ ಬಣ್ಣ ಬದಲಾದರೆ, ಗೊಂದಲದ ಮಾತು ಬಂದರೆ ಅಂಕಿ ಏನೇ ಇರಲಿ, ತಡಮಾಡಬಾರದು. ರಚನೆ ಮತ್ತು ಬಾಳಿಕೆಗೆ ಐದರಲ್ಲಿ ನಾಲ್ಕು ಅಂಕ, ಬಳಸುವ ಸರಳತೆಗೆ ನಾಲ್ಕೂವರೆ. ನಿಖರತೆಗೆ ಅಂಕ ಕೊಡುವ ಮೊದಲು ಪರೀಕ್ಷೆಗೆ ಎಷ್ಟು ಜನರನ್ನು ಬಳಸಿದ್ದೀರಿ, ಅವರ ಮೈಬಣ್ಣಗಳು ಹೇಗಿದ್ದವು ಎಂದು ಕೇಳಿ ತಯಾರಕರ ಗ್ರಾಹಕ ಸೇವೆಗೆ ಪತ್ರ ಬರೆದೆ. ಎರಡು ವಾರಗಳ ನಂತರ ಉತ್ತರ ಬಂತು: ಉತ್ಪನ್ನವನ್ನು ಆಯ್ದುಕೊಂಡದ್ದಕ್ಕೆ ಧನ್ಯವಾದಗಳು, ದಯವಿಟ್ಟು ಬ್ಯಾಟರಿ ಬದಲಿಸಿ ನೋಡಿ. ಬದಲಿಸಿದ್ದೇನೆ. ನಿಖರತೆಯ ಜಾಗವನ್ನು ಖಾಲಿ ಬಿಟ್ಟಿದ್ದೇನೆ.